ಏರಿಯ ಬೆನ್ನು ನೋಡುತ್ತಿದ್ದ ಸಾಹೇಬರು

ಈಜು ಬಾರದ, ಮೊಣಕಾಲು ಮುಳುಗುವಷ್ಟು ನೀರು ಕಂಡರೂ ಬೆವರುವ ಮನುಷ್ಯರೊಬ್ಬರು ನಮ್ಮೂರ ಕೆರೆಯಲ್ಲಿ ವರ್ಷಾನುಗಟ್ಟಲೆ ದೋಣಿ ನಡೆಸಿದರು. ನಂಬುತ್ತೀರಾ? ನಂಬಬೇಡಿ. ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೆ ನನ್ನ ಮಾತನ್ನು ಒಂದೇ ಏಟಿಗೆ ನಂಬುವವರು ಈಗ ಯಾರೂ ಉಳಿದಿಲ್ಲ. ನಂಬಿದವರೆಲ್ಲ ಒಮ್ಮೊಮ್ಮೆ ಕೆಟ್ಟು ಬುದ್ಧಿ ಕಲಿತಿದ್ದಾರೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ನಮ್ಮ ಸಾಹುಕಾರರ ನಶ್ಯದ ಡಬ್ಬಿಗೆ ಮೆಣಸಿನಕಾಯಿ ಪುಡಿ ಬೆರೆಸಿದ್ದು ಯಾರೆಂದು ಇವತ್ತಿಗೂ ಆ ಪೇಟೆಯಲ್ಲಿ ಕೇಳಿ ನೋಡಿ, ನನ್ನ ಮನೆಯ ದಾರಿ ತೋರಿಸುತ್ತಾರೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಂಬದೆ ಕೊನೆಯವರೆಗೆ ಓದುವುದು ನಿಮ್ಮಿಂದಾದರೆ ಓದಿ ತೋರಿಸಿ.

ಆ ಮನುಷ್ಯರು ಹೋದ ತಿಂಗಳು ಹಾವೇರಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಹೆಸರು ಹೇಳುವುದಿಲ್ಲ. ಹೆಸರು ಹಾಕಿ ಬರೆದರೆ ಅಲ್ಲಿಂದಲೇ ಎದ್ದು ಬಂದು "ಅಣ್ಣಾ, ಯಾರರ ಕೇಸ್ ಹಾಕ್ಯಾರ್ರಿ, ಅಳಿಸಿಬಿಡ್ರಿ" ಎಂದು ನನ್ನ ತಲೆ ತಿನ್ನುವ ಪೈಕಿ ಅವರು. ಊರಿಗೆಲ್ಲ ಅವರು ಸಾಹೇಬರು. ನನಗೂ ಅಷ್ಟೇ. ನನಗಿಂತ ಸಣ್ಣವರಾದರೂ ನಾನು 'ರಿ' ಹಚ್ಚಿಯೇ ಮಾತಾಡುತ್ತಿದ್ದೆ. ಮರ್ಯಾದೆ ಕೊಟ್ಟು ಚೇಷ್ಟೆ ಮಾಡಿದರೆ ಅದರ ರುಚಿಯೇ ಬೇರೆ.

ದೋಣಿಗೆ ಮೊದಲು ಅವರದು ಮೈಕ್‌ಸೆಟ್ ಅಂಗಡಿ. ಮದುವೆ, ಜಯಂತಿ, ಉರುಸು, ಗಣಪತಿ ಎಲ್ಲಕ್ಕೂ ಅವರದೇ ಹಾರ್ನು. ಬೇರೆ ಮೈಕಿನವರು "ಹಲೋ ಹಲೋ" ಎಂದು ಮುಗಿಸಿದರೆ ಸಾಹೇಬರು "ಎಲ್ಲಾರಿಗೂ ಕೇಳಸಾಕತ್ತೈತೇನ್ರಿ? ಕೇಳಸದವರು ಕೈ ಎತ್ರಿ" ಎನ್ನುತ್ತಿದ್ದರು. ನಾನು ಪ್ರತಿ ಸಲ ಕೈ ಎತ್ತುತ್ತಿದ್ದೆ. ಅವರು ಪ್ರತಿ ಸಲ ಗಾಬರಿಯಾಗಿ ವೈರು ನೋಡಲು ಓಡುತ್ತಿದ್ದರು. ಮಳೆ ಬಂದರೆ ಎಲ್ಲಿ ಕರೆಂಟು ಹೊಡೆಯುತ್ತದೋ, ಕಂಬದ ಮೇಲಿನ ಹಾರ್ನು ಎಲ್ಲಿ ಮದುಮಗಳ ತಲೆಯ ಮೇಲೆ ಬೀಳುತ್ತದೋ ಎಂಬ ಚಿಂತೆಯಲ್ಲಿ ಅವರು ಒಂದು ಮದುವೆಯಲ್ಲೂ ನೆಟ್ಟಗೆ ಕೂತು ಉಂಡವರಲ್ಲ. ಊಟದೆಲೆಯ ಮುಂದೆ ಕೂತಿದ್ದರೂ ಕಣ್ಣು ಕಂಬದ ಮೇಲೆ.

ಊರಿಗೆ ದೊಡ್ಡ ದೊಡ್ಡ ಡಬ್ಬದ ಡಿಜೆ ಬಂದಮೇಲೆ ಅವರ ಹಾರ್ನನ್ನು ಕೇಳುವವರಿಲ್ಲವಾಯಿತು. ಅದೇ ಹೊತ್ತಿಗೆ ನಮ್ಮ ಕೆರೆಗೆ ಶೃಂಗಾರವಾಗಿತ್ತು. ದೊಡ್ಡ ಕೆರೆಯೇನಲ್ಲ. ಎರಡು ಮಡ್ಡಿ ದಿಬ್ಬಗಳ ನಡುವೆ ಹಿಂದಿನವರು ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದು. ಅದರ ನೀರು ಕುಡಿಯುತ್ತಿದ್ದ ಹೊಲಗಳೆಲ್ಲ ಪ್ಲಾಟುಗಳಾಗಿ ಹೋಗಿ, ಕೆರೆಗೆ ಕೆಲಸವಿರಲಿಲ್ಲ. ಏರಿಯ ಮೇಲೆ ಕಲ್ಲು ಹಾಸಿ, ಬೆಂಚು ಹಾಕಿ, ಬಣ್ಣದ ದೀಪ ಕಟ್ಟಿದರು. ಸಂಜೆಗೆ ವಾಕಿಂಗ್ ಮಂದಿ, ರವಿವಾರ ಮಿರ್ಚಿ ಗಾಡಿ, ಗಿರ್ಮಿಟ್ ಗಾಡಿ. ಸಾಹೇಬರು ಮೈಕ್‌ಸೆಟ್ಟು ಮಾರಿ, ಎಲ್ಲಿಯೋ ಮುಚ್ಚಿಹೋದ ಉದ್ಯಾನದಿಂದ ಹಂಸದ ಆಕಾರದ, ಕಾಲಲ್ಲಿ ತುಳಿಯುವ ಮೂರು ದೋಣಿ ತಂದು ನೀರಿಗೆ ಬಿಟ್ಟರು.

ಬಿಟ್ಟರು ಸರಿ, ತಾವು ಮಾತ್ರ ಹತ್ತಲಿಲ್ಲ. ದಂಡೆಯ ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಟ್ಟು ನಿಂತಿರುತ್ತಿದ್ದರು. ಚಹಾದ ಅಂಗಡಿಗೂ ಅದೇ ಜಾಕೀಟು. ಕಟಿಂಗ್ ಮಾಡಿಸಲು ಕೂತರೂ ಅದೇ ಜಾಕೀಟು. ಮಸೀದಿಗೆ ಹೋಗುವಾಗ ಮಾತ್ರ ಬಿಚ್ಚಿ ಗೂಟಕ್ಕೆ ತೂಗುಹಾಕುತ್ತಿದ್ದರು. "ಸಾಹೇಬ್ರ, ಚಹಾದಾಗ ಮುಳುಗಿ ಸಾಯ್ತೀರೇನ್ರಿ?" ಎಂದರೆ, "ಅಣ್ಣಾ, ನೀರಾಗಿಂದ ಯಾರರ ಕೂಗಿದ್ರ ಜಾಕೀಟ ಹುಡುಕ್ಕೋತ ಕುಂದ್ರಲೇನ್ರಿ?" ಎನ್ನುತ್ತಿದ್ದರು. ಕೂಗಿದರೆ ಈಜು ಬಾರದ ಇವರು ಏನು ಮಾಡುತ್ತಿದ್ದರೋ ನಾನು ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ನಾನೂ ಬಿಡುತ್ತೇನೆ.

ಊರೆಲ್ಲ ಏರಿಯ ಮೇಲೆ ನಡೆದಾಡಿ ನೀರು ನೋಡಿದರೆ, ಸಾಹೇಬರು ದಿನವೂ ಏರಿಯ ಹಿಂದೆ, ಕೆಳಗಿನ ಓಣಿಯ ಕಡೆ ನಡೆಯುತ್ತಿದ್ದರು. ಬಗ್ಗಿ ಬಗ್ಗಿ ಹುಲ್ಲು ಸರಿಸಿ ನೋಡುವುದು, ಏಡಿಯ ತೂತಿಗೆ ಕಡ್ಡಿ ಹಾಕಿ ಎಷ್ಟು ಆಳವಿದೆ ನೋಡುವುದು, ಅಂಗೈಯಲ್ಲಿ ಮಣ್ಣು ಒತ್ತುವುದು. ನೋಡಿದವರು ಏನೋ ಕಳೆದುಕೊಂಡಿದ್ದಾರೆಂದು ತಾವೂ ಹುಡುಕಲು ಬಗ್ಗುತ್ತಿದ್ದರು.

"ಏನ್ರಿ ಅದು, ದಿನಾ ಹಿಂದ ಹೋಗಿ ಮಣ್ಣ ಹಿಚಕೋದು?" ಎಂದು ಕೇಳಿದೆ.

"ಎಲ್ಲಾರೂ ಏರಿ ಮಾರಿ ನೋಡ್ತಾರ. ನಾ ಅದರ ಬೆನ್ನ ನೋಡ್ತೇನಿ," ಎಂದರು.

"ಬೆನ್ನಿನ್ಯಾಗ ಏನೈತ್ರಿ?"

"ಮಂದಿ ಐತ್ರಿ, ಅಣ್ಣಾ."

ಏರಿಯ ಬೆನ್ನಿಗೆ ಆತುಕೊಂಡೇ ಕೆಳಗಿನ ಓಣಿ. ಮೊದಲನೆಯ ಮನೆ ಫಕ್ಕೀರವ್ವನದು. ಆಕೆಯ ಹಿತ್ತಲಿನ ಗೋಡೆಯೆಂದರೆ ಏರಿಯೇ. ಎಮ್ಮೆ ಕಟ್ಟುವ ಗೂಟವನ್ನೂ ಅದಕ್ಕೇ ಹೊಡೆದಿದ್ದಳು. ಫಕ್ಕೀರವ್ವನ ಬಾಯಿ ಮುಂದೆ ಸಾಹೇಬರ ಹಳೆಯ ಹಾರ್ನು ಏನೂ ಅಲ್ಲ. ದೋಣಿ ಬಂದಂದಿನಿಂದ ಆಕೆಗೆ ಒಂದೇ ತಕರಾರು: ದೋಣಿಗೆಂದು ಬಂದ ಮಂದಿ ಏರಿಯ ಮೇಲೆ ನಿಂತರೆ ಅವಳ ಬಚ್ಚಲು ಕಾಣುತ್ತದೆ. "ಏ ದೋಣಿಯಂವಾ, ನಿನ್ನ ಬಾತುಕೋಳಿ ನೋಡಾಕ ಬಂದಾವರು ನನ್ನ ಬಚ್ಚಲ ಯಾಕ ನೋಡ್ತಾರೋ? ಅದಕ್ಕೂ ಟಿಕೆಟ್ ಹಚ್ಚೀ ಏನ?" ಎಂದು ಕೆಳಗಿನಿಂದ ಕೂಗಿದರೆ ಸಾಹೇಬರು ಮೇಲೆ ನಿಂತವರನ್ನೆಲ್ಲ ಕೈಮುಗಿದು ನೀರಿನ ಕಡೆಗೆ ತಿರುಗಿಸುತ್ತಿದ್ದರು. ಕೊನೆಗೆ ಬಚ್ಚಲಿನ ಗೋಡೆ ಎತ್ತರಿಸಲೆಂದು ಫಕ್ಕೀರವ್ವ ಉಸುಕು, ಜಲ್ಲಿಕಲ್ಲಿನ ಕಡಿ ತರಿಸಿ ಹಿತ್ತಲಲ್ಲಿ ಗುಡ್ಡೆ ಹಾಕಿದಳು. ಗೌಂಡಿ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಕಾಲ ತಳ್ಳುತ್ತಿದ್ದ.

ಈಗ ಕೋಡಿಯ ವಿಷಯಕ್ಕೆ ಬರುತ್ತೇನೆ. ಕೆರೆ ತುಂಬಿದಮೇಲೆ ಹೆಚ್ಚಿನ ನೀರು ಹೊರಗೆ ಹೋಗಲು ಏರಿಯ ಒಂದು ತುದಿಯಲ್ಲಿ ಕಲ್ಲು ಕಟ್ಟಿ ತಗ್ಗು ಬಿಟ್ಟಿರುತ್ತಾರಲ್ಲ, ಅದು. ಆ ವರ್ಷ ಬೇಸಿಗೆಯಲ್ಲಿ ನೀರು ಹಿಂದೆ ಸರಿದು ದೋಣಿಗಳೆಲ್ಲ ರಾಡಿಯಲ್ಲಿ ಕೂತಿದ್ದವು. ಮಳೆಗಾಲ ಶುರುವಾಗುತ್ತಲೇ ಕೋಡಿಯನ್ನು ಒಂದಿಷ್ಟು ಎತ್ತರಿಸಿದರೆ ನೀರು ದಂಡೆಯ ಮೆಟ್ಟಿಲವರೆಗೆ ನಿಲ್ಲುತ್ತದೆ, ಮುಂದಿನ ಬೇಸಿಗೆಗೂ ಆಗುತ್ತದೆ ಎಂದು ವಾಕಿಂಗ್ ಮಂದಿಯಲ್ಲಿ ಮಾತಾಯಿತು. ಐಡಿಯಾ ಯಾರದೆಂದು ಕೇಳಬೇಡಿ. ಈ ಊರಿನಲ್ಲಿ ಐಡಿಯಾ ಎಂಬುದೇನಾದರೂ ಇದ್ದರೆ ಅದು ನನ್ನದೇ. ಬ್ಯಾಡಗಿ ಪೇಟೆಯಿಂದ ಹಳೆಯ ಮೆಣಸಿನಕಾಯಿ ಚೀಲ ತರಿಸಿದವನೂ ನಾನೇ. ಬೇರೆ ಊರಿನವರಾದರೆ ಸಿಮೆಂಟಿನ ಚೀಲ ತರುತ್ತಿದ್ದರು. ನಮ್ಮ ಕಡೆ ಜಂತಿ ಸೋರಿದರೂ ಮೆಣಸಿನಕಾಯಿ ಚೀಲ, ಕೂರಲು ಹಾಸುವುದೂ ಮೆಣಸಿನಕಾಯಿ ಚೀಲ. ಅವುಗಳಲ್ಲಿ ಮಣ್ಣು ತುಂಬಿ ಕೋಡಿಯ ಮೇಲೆ ಸಾಲಾಗಿ ಪೇರಿಸಿದೆವು. ಹೊಲಿಗೆ ಹಾಕುವಾಗ ಎಲ್ಲರೂ ಸೀನಿದೆವು. ಎಲ್ಲರೂ ಒಬ್ಬರ ಬೆನ್ನು ಒಬ್ಬರು ಚಪ್ಪರಿಸಿಕೊಂಡೆವು. ಸಾಹೇಬರೊಬ್ಬರೇ ಕೋಡಿಯ ಕಡೆ ನೋಡುತ್ತ, "ಹೆಚ್ಚಿನ ನೀರ ಎಲ್ಲಿಂದ ಹೋಗಬೇಕ್ರಿ ಹಂಗಾದ್ರ?" ಎಂದು ಕೇಳಿದರು. "ಬಂದಾಗ ನೋಡೂಣು" ಎಂದರು ಎಲ್ಲರೂ. ಸಾಹೇಬರ ದೋಣಿಗಾಗಿಯೇ ನಡೆದ ಕೆಲಸ, ಅವರು ಬೇಡವೆನ್ನುವುದು ಹೇಗೆ? ಒಳಗೆ ಆಸೆಯೂ ಇತ್ತು.

ಮಳೆ ಚೆನ್ನಾಗಿಯೇ ಹಿಡಿಯಿತು. ಕೆರೆಯಲ್ಲಿ ಹಿಂದೆಂದೂ ನಿಲ್ಲದಷ್ಟು ನೀರು. ಹಂಸಗಳು ಮೆಟ್ಟಿಲಿಗೆ ಬಂದು ತಲೆ ತಾಗಿಸಿದವು. ಊರು ಹಿಗ್ಗಿತು, ಸಾಹೇಬರು ಸೊರಗಿದರು. ಒಂದು ಬೆಳಗ್ಗೆ ಫಕ್ಕೀರವ್ವನ ಎಮ್ಮೆಯ ಗೂಟದ ಪಕ್ಕದಲ್ಲಿ ಹುಲ್ಲು ಒದ್ದೆಯಾಗಿದ್ದನ್ನು ಕಂಡರು. ಅಂದಿನಿಂದ ಚಹಾದಂಗಡಿಯ ಗಾಜಿನ ಗ್ಲಾಸೊಂದನ್ನು ತಂದು, ಜಿನುಗುವ ಕಡೆ ಮಣ್ಣಿನಲ್ಲಿ ಸಣ್ಣ ಕುಣಿ ತೋಡಿ ಅದರಲ್ಲಿಟ್ಟು, ತುಂಬಿದಮೇಲೆ ಎತ್ತಿ ಬಿಸಿಲಿಗೆ ಹಿಡಿದು ನೋಡುವುದು. ಬೆಳಗ್ಗೆ, ಮಧ್ಯಾಹ್ನ, ಸಂಜೆ. ನೀರು ತಿಳಿಯಾಗಿ, ಕುಡಿಯುವ ಹಾಗೆ ಇರುತ್ತಿತ್ತು. ಆದರೂ ಅವರ ಮುಖ ತಿಳಿಯಾಗುತ್ತಿರಲಿಲ್ಲ.

ಇಂಥ ಗ್ಲಾಸು ಕಣ್ಣೆದುರು ಇರುವಾಗ ನನ್ನಂಥವನು ಕೈ ಕಟ್ಟಿ ಕೂರುತ್ತಾನೆಯೇ? ಸಾಹೇಬರು ಆ ಕಡೆ ತಿರುಗಿದ್ದಾಗ ಒಂದು ಚಿಟಿಕೆ ಕೆಮ್ಮಣ್ಣು ಹಾಕಿ ಬೆರಳಾಡಿಸಿದೆ. ಅವರು ತಿರುಗಿ ನೋಡಿದರು. ಗ್ಲಾಸು ಕೈಯಿಂದ ಜಾರದಿದ್ದುದೇ ಹೆಚ್ಚು. ಜಾಕೀಟಿನ ಸಮೇತ ರಸ್ತೆಗೆ ಓಡಿ, ಕೆರೆಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಮೇಡಂಗೆ ಫೋನು ಹಚ್ಚಿದರು. ಮೇಡಂ ಹಾವೇರಿಯಿಂದ ಜೀಪಿನಲ್ಲಿ ಬಂದರು. ಗ್ಲಾಸು ತೊಳೆದು ಹೊಸದಾಗಿ ಹಿಡಿದರು. ತಿಳಿ ನೀರು. ನಾನು ನಗು ತಡೆಯಲಾರದೆ ಫಕ್ಕೀರವ್ವನ ಎಮ್ಮೆಯ ಹಿಂದೆ ಅಡಗಿದ್ದೆ. ಎಮ್ಮೆ ಸರಿಯಿತು, ನಾನು ಸಿಕ್ಕಿಬಿದ್ದೆ.

"ಕಾಕಾ, ವಯಸ್ಸ ಎಷ್ಟಾತ್ರಿ ನಿಮಗ?" ಎಂದರು ಮೇಡಂ. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ, ಅದು ಹೆಚ್ಚು ನಾಟಿತು. ನಮ್ಮಿಬ್ಬರನ್ನೂ ಕರೆದು ಹೇಳಿದರು: "ಮಣ್ಣಿನ ಏರಿ ಅಂದ್ರ ಸ್ವಲ್ಪ ಜಿನಗತೈತಿ. ತಿಳಿ ನೀರಿದ್ರ ಅಂಜಬ್ಯಾಡ್ರಿ, ಆದ್ರ ಕಣ್ಣಿಟ್ಟಿರ್ರಿ. ರಾಡಿ ಬಂತಂದ್ರ ಒಳಗಿನ ಮಣ್ಣ ಕೊಚಗೊಂಡು ಹೊರಗ ಬರಾಕತ್ತೈತಿ ಅಂತ ಅರ್ಥ. ಒಳಗ ಕೊರದು ಕೊರದು ಕೊಳವಿ ಆಗ್ತೈತಿ. ಮ್ಯಾಲ ನಿಂತವರಿಗೆ ಏನೂ ಕಾಣ್ಸೂದಿಲ್ಲ. ಒಮ್ಮಿಗೇ ಹೋಗ್ತೈತಿ." ಆಮೇಲೆ ಕೋಡಿಯ ಕಡೆ ಕೈ ಮಾಡಿ, "ಅವೇನ್ರಿ ಚೀಲ? ಹೆಚ್ಚಿನ ನೀರ ಹೋಗೂ ಬಾಗಲಾನ ಮುಚ್ಚಿ ಕುಂತೀರಲ್ಲ! ಈ ವಾರದಾಗ ತಗೀರಿ. ಅವು ಇರೂತನಾ ನನಗ ನಿದ್ದಿ ಇಲ್ಲ, ನಿಮಗೂ ಇರಬಾರದು" ಎಂದರು.

ಸಾಹೇಬರು ಅವತ್ತೇ ತೆಗೆಯಲು ಹೊರಟರು. ವಾಕಿಂಗ್ ಮಂದಿ ತಡೆದರು. ರವಿವಾರ ಊರಿನ ಹೆಂಗಸರೆಲ್ಲ ಸೇರಿ ತುಂಬಿದ ಕೆರೆಗೆ ಬಾಗಿನ ಬಿಟ್ಟು ಗಂಗಮ್ಮನ ಉಡಿ ತುಂಬುವವರಿದ್ದರು. ತುಂಬಿದ ಕೆರೆಯನ್ನು ಎರಡು ದಿನ ಮುಂಚೆ ಇಳಿಸುವುದೆಂದರೆ? "ಸೋಮವಾರ ತಗಿಯೂಣ್ರಿ ಸಾಹೇಬ್ರ, ಓಡಿ ಹೋಗ್ತಾವೇನ ಚೀಲ?" ಎಂದರು. ಹಬ್ಬದ ಮಾತು ಬಂದಾಗ ಸಾಹೇಬರು ಎದುರಾಡುವವರಲ್ಲ. ಅವರ ಕಷ್ಟ ನನಗೆ ಗೊತ್ತಾಯಿತು. 'ಸಾಹೇಬ್ರು ನಮ್ಮ ಪೂಜಾ ಕೆಡಿಸಿದ್ರು' ಎಂಬ ಮಾತು ಬರಬಾರದು ಅವರಿಗೆ. ತಲೆಯಾಡಿಸಿ ಬಂದು ದಂಡೆಯ ಮೇಲೆ ಕೂತರು. ಚಹಾ ತಣ್ಣಗಾಗಿ ಕೆನೆಗಟ್ಟಿತು.

ಶನಿವಾರ ಮೇಲಿನ ಮಡ್ಡಿಯ ಕಡೆ ಜೋರು ಮಳೆಯಾಯಿತು. ರವಿವಾರ ಬಿಸಿಲು ಬಿದ್ದಿತ್ತು. ನಾನು ಹೋಗುವಷ್ಟರಲ್ಲಿ ಏರಿಯ ಮೇಲೆ ಜಾತ್ರೆಯಂಥ ಮಂದಿ. ನೀರು ಕಾಲುದಾರಿಗೆ ಗೇಣಷ್ಟು ಕೆಳಗಿತ್ತು. ಮಕ್ಕಳು ಕೂತಲ್ಲಿಂದಲೇ ಕಾಲು ಇಳಿಬಿಟ್ಟು ನೀರು ಚಿಮ್ಮಿಸುತ್ತಿದ್ದವು. ಹಸಿರು ಬಳೆ, ಅರಿಷಿಣ, ಕುಬುಸದ ಕಣ ಇಟ್ಟ ಮೊರ ಹಿಡಿದು ಹೆಂಗಸರು ಸಾಲಾಗಿ ಬರುತ್ತಿದ್ದರು. ಸಾಹೇಬರು ಎಲ್ಲಿಯೂ ಕಾಣಲಿಲ್ಲ. ಎಲ್ಲಿರುತ್ತಾರೆಂದು ನನಗೆ ಗೊತ್ತು. ಹಿಂದೆ ಇಳಿದೆ.

ಎಮ್ಮೆಯ ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಗ್ಲಾಸು. ಅದರೊಳಗೆ ಹಾಲು ಹಾಕದ ಚಹಾದಂಥ ಕೆಂಪು ನೀರು.

"ಏನ್ ಹಾಕಿದ್ರಿ ಅಣ್ಣಾ ಇದಕ್ಕ?"

"ನಾ ಏನೂ ಹಾಕಿಲ್ರಿ."

"ಇವತ್ತ ಹುಡುಗಾಟ ಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ, ಹಾಕಿದ್ರ ಹಾಕೇನಿ ಅನ್ರಿ."

"ಖರೇ ಅಂದ್ರೂ ಖರೇ. ಈಗರ ಬರಾಕತ್ತೇನಿ ನಾ."

"ನಿಮ್ಮ ಖರೇ ನನಗ ಗೊತ್ತೈತ್ರಿ!"

ಗ್ಲಾಸು ಚೆಲ್ಲಿ, ಅಂಗಿಯಿಂದ ಒರೆಸಿ, ಮತ್ತೆ ಕುಣಿಯಲ್ಲಿಟ್ಟರು. ಈ ಸಲ ತುಂಬಲು ಹೊತ್ತೇ ಹಿಡಿಯಲಿಲ್ಲ. ಮತ್ತೆ ಕೆಂಪು. ಅವರು ನನ್ನ ಕೈ ನೋಡಿದರು. ಎರಡೂ ಅಂಗೈ ಬಿಚ್ಚಿ ತೋರಿಸಿದೆ. ಆಮೇಲೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಅವರು ಹುಡುಕುತ್ತಿದ್ದುದು ಏನೆಂದು ನನಗೆ ಗೊತ್ತಿತ್ತು. ಅದನ್ನು ತಂದುಕೊಳ್ಳಬೇಕೆಂದು ನಾನೂ ಒದ್ದಾಡಿದೆ. ಬರಲಿಲ್ಲ.

"ಅಣ್ಣಾ," ಎಂದರು ಮೆಲ್ಲಗೆ, "ನೀ ನಗಾಕತ್ತಿಲ್ಲ."

ನನಗೆ 'ನೀ' ಅಂದದ್ದು ಅದೇ ಮೊದಲು.

ಮೇಡಂಗೆ ಫೋನು ಹಚ್ಚಿದೆವು. ಅವರು ಆಗಲೇ ಮಳೆಯ ಸುದ್ದಿ ಕೇಳಿ ಹಾವೇರಿಯಿಂದ ಹೊರಟಿದ್ದರು. "ನಾ ಬರೂತನಾ ಕೈ ಕಟಗೊಂಡು ನಿಂದ್ರಬ್ಯಾಡ್ರಿ. ರಾಡಿ ಬರೂ ತೂತಿಗೆ ಮಣ್ಣ ತುರುಕಿ ಮುಚ್ಚಬ್ಯಾಡ್ರಿ, ಇನ್ನೊಂದು ಕಡಿಂದ ಹೊಂಡತೈತಿ. ಉಸುಕು ಹಾಕ್ರಿ, ಅದರ ಮ್ಯಾಲ ಕಡಿ ಹಾಕ್ರಿ. ನೀರ ಬರ್ಲಿ, ಮಣ್ಣ ನಿಂದ್ರಬೇಕು. ಕೋಡಿ ಚೀಲ ತಗೀರಿ, ಒಮ್ಮಿಗೇ ಅಲ್ಲ, ಮ್ಯಾಲಿಂದ ಒಂದೊಂದ. ಏರಿ ಮ್ಯಾಲಿನ ಮಂದೀನ್ನ, ಕೆಳಗಿನ ಓಣಿಯವರನ್ನ ಮೊದಲ ಕಳಸ್ರಿ." ಫೋನಿನಲ್ಲಿ ಗಾಳಿಯ ಸದ್ದು. ಜೀಪು ಓಡುತ್ತಿತ್ತು.

ದೋಣಿಯ ಹೊತ್ತು ಮುಗಿಯಿತೆಂದು ಕೂಗಲು ಸಾಹೇಬರು ಒಂದು ಹಳೆಯ ಹಾರ್ನು, ಬ್ಯಾಟರಿ ಉಳಿಸಿಕೊಂಡಿದ್ದರು. ಅದನ್ನು ಹಚ್ಚಿ, "ಎಲ್ಲಾರೂ ದಯಮಾಡಿ ಏರಿ ಬಿಟ್ಟು ಇಳೀರಿ, ಏರಿ ಸುದ್ದ ಇಲ್ಲ" ಎಂದರು. ದನಿ ಎಷ್ಟು ನಡುಗುತ್ತಿತ್ತೆಂದರೆ ಯಾರಿಗೂ ಮಾತೇ ತಿಳಿಯಲಿಲ್ಲ. ಒಬ್ಬ, "ಸಾಹೇಬ್ರ, ಒಂದ ಹಾಡ ಹಾಕ್ರಿ!" ಎಂದು ಕೂಗಿದ. ನಾನು ಮೈಕು ಕಸಿದುಕೊಂಡೆ. ಮಂದಿಯನ್ನು ಓಡಿಸುವುದರಲ್ಲಿ ನನ್ನಷ್ಟು ಅನುಭವ ಯಾರಿಗಿದೆ? "ಐರಣಿ ಹೊಳಿಯಿಂದ ಮೊಸಳಿ ಬಂದು ಕೆರಿ ಸೇರೈತಿ! ಈಗ ಕಂಡೇವಿ!" ಎಂದು ಹೊಡೆದೆ. ಇದೊಂದು ಲೆಕ್ಕ ತಪ್ಪಿತು. ಏರಿಯ ಮೇಲಿದ್ದವರು ಇಳಿಯಲಿಲ್ಲ. ರಸ್ತೆಯಲ್ಲಿದ್ದವರೂ ಮೊಸಳೆ ನೋಡಲು ಹತ್ತಿಬಂದರು. ಮೊಬೈಲು ಹಿಡಿದು ನೀರಿಗೆ ಬಗ್ಗಿದರು. ಸಾಹೇಬರು ತಲೆಯ ಮೇಲೆ ಕೈಹೊತ್ತು, "ಯಾ ಅಲ್ಲಾ, ಏನ್ ಮಾಡಿದ್ರಿ ಅಣ್ಣಾ!" ಎಂದರು. ಮತ್ತೆ ಮೈಕು ಬಾಯಿಗಿಟ್ಟು, "ಸಾಲಿ ಮೈದಾನದಾಗ ಎಲ್ಲಾರಿಗೂ ಪುಕ್ಕಟೆ ಗಿರ್ಮಿಟ್, ಪುಕ್ಕಟೆ ಮಿರ್ಚಿ! ಮೊದಲ ಹ್ವಾದವರಿಗೆ ಅಷ್ಟ!" ಎಂದೆ. ನೀವು ನೋಡಬೇಕಿತ್ತು. ಮೊಸಳೆಗೆ ಅಂಜದ ಊರು ಮಿರ್ಚಿಗೆ ಓಡಿತು. ಮೊರ ಹಿಡಿದ ಹೆಂಗಸರು ಮಾತ್ರ ಉಳಿದರು. ಅವರಿಗೆ ಕೈಮುಗಿದು ನಿಜ ಹೇಳಿದೆ. ನನ್ನ ಮುಖ ನೋಡಿ ಅವರೂ ಇಳಿದರು. ಆ ದಿನ ನನ್ನ ಮುಖ ಹೇಗಿತ್ತೋ, ಕನ್ನಡಿ ಇರಲಿಲ್ಲ.

ನಾನು ಕೆಳಗಿನ ಓಣಿಗೆ ಓಡಿದೆ. ಮನೆ ಮನೆಗೆ ಹೋಗಿ ಹೊರಗೆಳೆದು, ಗಟ್ಟಿಮುಟ್ಟಾದವರನ್ನು ನಿಲ್ಲಿಸಿಕೊಂಡು ಫಕ್ಕೀರವ್ವನ ಉಸುಕಿನ ಗುಡ್ಡೆಗೆ ಕೈ ಹಾಕಿದೆವು.

"ಏ ಮುದಿಯಾ, ನನ್ನ ಬಚ್ಚಲ ಗ್ವಾಡಿ ಉಸುಕ ಅದು!"

"ಗ್ವಾಡಿ ಆಮ್ಯಾಲ ಕಟ್ಟೂಣು, ತಂಗಿ. ಮೊದಲ ಮನಿ ಉಳೀಲಿ. ಎಮ್ಮಿ ಬಿಚ್ಚಿಕೊಂಡು ಮಡ್ಡಿ ಹತ್ತು."

"ನಿನ್ನ ಮಾತ ನಂಬಿ ಎಮ್ಮಿ ಬಿಚ್ಚಲಿ? ಮೊನ್ನಿ ಅದರ ಹಿಂದ ಅಡಗಿ ಹಲ್ಲ ಕಿಸಿತಿದ್ದಿ."

ಅಷ್ಟರಲ್ಲಿ ಗೂಟದ ಬುಡದ ಮಣ್ಣು ಕುಸಿದು ಗೂಟವೇ ವಾಲಿತು. ಫಕ್ಕೀರವ್ವ ಎಮ್ಮೆ ಬಿಚ್ಚಿ ಹೊಡೆದುಕೊಂಡು ಹೋದಳು. ಬುಟ್ಟಿ ಬುಟ್ಟಿ ಉಸುಕು ಹಾಕಿದೆವು, ಅದನ್ನು ನೀರು ತಳ್ಳಿತು, ಮತ್ತೆ ಹಾಕಿದೆವು, ಕಡಿ ಹಾಕಿದೆವು. ನೀರು ಕಡಿಯ ಸಂದಿಯಿಂದ ಬಂದೇ ಬರುತ್ತಿತ್ತು, ಕೆಂಪಗೆ.

ಕೋಡಿಯ ಕಡೆ ಕೂಗು ಕೇಳಿ ಮೇಲೆ ಹತ್ತಿ ನೋಡಿದೆ. ಮೈಕಿನ ವೈರನ್ನು ನಾಲ್ಕು ಮಡಿಕೆ ಹೊಸೆದು, ಒಂದು ತುದಿ ಬೇವಿನ ಬೊಡ್ಡೆಗೆ, ಇನ್ನೊಂದು ಸೊಂಟಕ್ಕೆ ಕಟ್ಟಿಕೊಂಡು, ಮೊಣಕಾಲು ನೀರಿಗೆ ಬೆವರುತ್ತಿದ್ದ ಮನುಷ್ಯರು ಎದೆಮಟ್ಟದ ನೀರಿನಲ್ಲಿ ನಿಂತು ಚೀಲ ಕೀಳುತ್ತಿದ್ದರು. ಕಣ್ಣು ಮುಚ್ಚಿಕೊಂಡಿದ್ದರು. ಒಂದು ಚೀಲ ಕೀಳುವುದು, "ಯಾ ಅಲ್ಲಾ" ಎನ್ನುವುದು, ಇನ್ನೊಂದಕ್ಕೆ ತಡಕಾಡುವುದು. ಸೆಳೆತಕ್ಕೆ ಜಾಕೀಟು ಗಂಟಲವರೆಗೆ ಏರಿತ್ತು. ನಾನೂ ಇಳಿದೆ, ಓಣಿಯ ಇಬ್ಬರು ಮೂವರು ಇಳಿದರು. ಚೀಲಗಳಲ್ಲಿ ಎಷ್ಟು ವರ್ಷದ ಮೆಣಸಿನಕಾಯಿಯ ಖಾರ ಹೂತಿತ್ತೋ, ಕೈ ಉರಿ, ತೊಡೆ ಉರಿ. ಬೆವರು ಒರೆಸಿಕೊಂಡವರ ಕಣ್ಣು ಉರಿ. ಎಲ್ಲರೂ ಅಳುತ್ತ ಕೆಲಸ ಮಾಡಿದೆವು, ಯಾರು ಉರಿಗೆ ಅಳುತ್ತಿದ್ದರು, ಯಾರು ಹೆದರಿ ಅಳುತ್ತಿದ್ದರು ತಿಳಿಯುತ್ತಿರಲಿಲ್ಲ.

ಕೋಡಿ ತೆರೆಯುತ್ತಿದ್ದಂತೆ ನೀರು ಮೊರೆಯಿತು. ಮೆಟ್ಟಿಲ ಹತ್ತಿರ ಕಟ್ಟಿದ್ದ ಒಂದು ಹಂಸ ಹಗ್ಗ ಹರಿದುಕೊಂಡು ಮೆಲ್ಲಗೆ, ಗತ್ತಿನಿಂದ ನಮ್ಮ ಕಡೆ ಬಂತು. "ಸಾಹೇಬ್ರ, ನಿಮ್ಮ ದೋಣಿ! ಹಿಡೀಲೇನ್ರಿ?" ಎಂದು ಕೂಗಿದೆ. ಅವರು ಕಣ್ಣು ಬಿಟ್ಟು ನೋಡಿದರು. ಹಿಡಿಯಹೋದರೆ ಅದು ಕೋಡಿಗೆ ಅಡ್ಡ ಸಿಕ್ಕಿಕೊಳ್ಳುತ್ತಿತ್ತು. "ಬಿಡ್ರಿ, ಹೋಗ್ಲಿ! ನೂಕ್ರಿ!" ಎಂದು ತಾವೇ ಅದರ ಕತ್ತು ಹಿಡಿದು ದಾಟಿಸಿದರು. ಹಂಸ ಕೋಡಿ ಇಳಿದು, ಹಳ್ಳ ಹಿಡಿದು, ಗೋವಿನಜೋಳದ ಹೊಲವೊಂದರ ನಡುವೆ ತಲೆ ಎತ್ತಿಕೊಂಡು ನಿಂತಿತು.

ಮೇಡಂ ಬಂದಾಗ ನೀರು ಕಾಲುದಾರಿಯಿಂದ ಸಾಕಷ್ಟು ಇಳಿದಿತ್ತು. ಅವರು ನೇರ ಏರಿಯ ಹಿಂದೆ ಹೋಗಿ, ಕಡಿಯ ಗುಡ್ಡೆಯ ಬುಡದಲ್ಲಿ ಗ್ಲಾಸು ಹಿಡಿದರು. ನಾವೆಲ್ಲ ಸುತ್ತ ನಿಂತು ಬಗ್ಗಿ ನೋಡಿದೆವು. ಕೆಂಪಿತ್ತು. ಚೆಲ್ಲಿ, ಸ್ವಲ್ಪ ತಡೆದು ಮತ್ತೆ ಹಿಡಿದರು. ಮಬ್ಬಾಗಿತ್ತು. ಮತ್ತೆ ಹಿಡಿದರು. ಬಿಸಿಲು ಇಳಿಮುಖವಾಗುವವರೆಗೂ ಹಿಡಿಯುತ್ತಲೇ ಇದ್ದರು. ಕೊನೆಗೆ ಗ್ಲಾಸಿನಾಚೆ ಅವರ ಬೆರಳು ಕಂಡವು.

"ಮಣ್ಣ ನಿಂತೈತಿ," ಎಂದರು.

ಸಾಹೇಬರು ಹಾಗೆಯೇ ರಾಡಿಯಲ್ಲಿ ಕೂತುಬಿಟ್ಟರು. ಸೊಂಟಕ್ಕೆ ಕಟ್ಟಿದ ವೈರು ಇನ್ನೂ ಹಾಗೆಯೇ ಇತ್ತು.

ಆಮೇಲಿನದು ಚಿಕ್ಕದು. ಮೇಡಂ ಕೆರೆಯನ್ನು ಇನ್ನೂ ಇಳಿಸಿ, ಏರಿ ಅಗೆಸಿ ನೋಡಿದರು. ಏಡಿಯ ತೂತುಗಳು ಒಳಗೊಳಗೇ ಒಂದಕ್ಕೊಂದು ಕೂಡಿ ತೋಳು ಹೋಗುವಷ್ಟು ಪೊಳ್ಳು ಬಿದ್ದಿತ್ತು. ಅದನ್ನು ಕಂಡವರು ನಾವು ನಾಲ್ಕು ಮಂದಿ. ಮಣ್ಣು ತುಂಬಿ ಬಡಿದು ಮುಚ್ಚಿದಮೇಲೆ ಏನಿತ್ತೆಂದು ತೋರಿಸಲು ಏನೂ ಉಳಿಯಲಿಲ್ಲ. ಏರಿ ಇದ್ದ ಹಾಗೇ ಇತ್ತು, ಓಣಿ ಇದ್ದ ಹಾಗೇ ಇತ್ತು. "ಏನಾತ್ರಿ ಮಹಾ? ಏನೂ ಆಗ್ಲಿಲ್ಲ. ತುಂಬಿದ ಕೆರಿ ಹಾಳ ಮಾಡಿದ್ರಿ, ಉಡಿ ತುಂಬೂದು ನಿಂತಿತು" ಎಂದು ಊರು ಸಾಹೇಬರನ್ನು ಚುಚ್ಚಿತು. ಮಿರ್ಚಿ ಸಿಗದವರು ನನ್ನನ್ನು ಚುಚ್ಚಿದರು, ನನಗದು ರೂಢಿ. ದೋಣಿ ಮತ್ತೆ ಇಳಿಯಲಿಲ್ಲ. ಸಾಹೇಬರು ಉಳಿದ ಹಂಸಗಳನ್ನು ಮಾರಿದರು. ಜಾಕೀಟು ಬಿಚ್ಚಿಟ್ಟರು. ಆದರೂ ದಿನ ಬೆಳಗಾದರೆ ಏರಿಯ ಹಿಂದೆ ಬಗ್ಗಿ ನಡೆಯುವುದನ್ನು ಬಿಡಲಿಲ್ಲ, ಮಗಳು ಹಾವೇರಿಗೆ ಕರೆದೊಯ್ಯುವವರೆಗೂ.

ಅವರು ಊರು ಬಿಡುವ ಹಿಂದಿನ ದಿನ ಫಕ್ಕೀರವ್ವ ಸಜ್ಜೆಯ ರೊಟ್ಟಿ, ಎಣಗಾಯಿ ಪಲ್ಲೆ, ಶೇಂಗಾ ಚಟ್ನಿ ವಸ್ತ್ರದಲ್ಲಿ ಕಟ್ಟಿಕೊಂಡು ಅವರ ಮನೆಗೆ ಬಂದಳು. ಹೊಸ್ತಿಲ ಹೊರಗೆ ನಿಂತು, "ಉಸುಕಿನ ಮಾತ ಬಿಡು ಅಣ್ಣಾ. ನಾ ಬಿಟ್ಟೇನಿ" ಎಂದಳು. ಸಾಹೇಬರು ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಚೆಂದವಿತ್ತು. ಆದರೆ ಇದರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ, ಅದನ್ನು ಹೇಳದಿದ್ದರೆ ಸತ್ತವರಿಗೆ ಮೋಸ. ಚೀಲದ ಉರಿ ಸುಳ್ಳೆಂದುಕೊಂಡಿರಾ? ಅದು ನಿಜ. ಗೋವಿನಜೋಳದ ಹೊಲದ ಹಂಸವೂ ನಿಜ. ಸುಳ್ಳು ಆ ರೊಟ್ಟಿಯ ಗಂಟು. ಫಕ್ಕೀರವ್ವ ಬರಲಿಲ್ಲ. ಬರುವುದೆಲ್ಲಿ, ಕೆರೆ ಇಳಿಸಿದ್ದಕ್ಕೆ ಮುಂದಿನ ಬೇಸಿಗೆಯಲ್ಲಿ ಓಣಿಯ ಬಾವಿಗಳೆಲ್ಲ ಬತ್ತಿದವು. ಆಕೆ ದಿನವೂ ಸಾಹೇಬರ ಹೆಸರು ಹಿಡಿದು, ಉಸುಕಿನಿಂದ ಶುರುಮಾಡಿ ನೀರಿನವರೆಗೆ, ಓಣಿ ಕೇಳುವಂತೆ ಬೈಯುತ್ತಿದ್ದಳು. ಒಂದು ಸಂಜೆ ನಾವಿಬ್ಬರೂ ಚಹಾದಂಗಡಿಯಲ್ಲಿ ಕೂತಿದ್ದಾಗ ಆ ಬೈಗುಳ ಅಲ್ಲಿಯವರೆಗೂ ಕೇಳಿಸಿತು. ನನಗೆ ತಡೆಯಲಾಗಲಿಲ್ಲ. "ಹೋಗಿ ನಾಕ ಮಾತ ಹೇಳಿ ಬರ್ತೇನ್ರಿ" ಎಂದು ಎದ್ದೆ.

ಸಾಹೇಬರು ನನ್ನ ಧೋತರದ ಚುಂಗು ಹಿಡಿದು ಕೂರಿಸಿದರು. ಅಂಥ ನೆಮ್ಮದಿಯ ಮುಖವನ್ನು ನಾನು ಅವರಲ್ಲಿ ಮೊದಲ ಸಲ ನೋಡಿದೆ.

"ಬೈಲಿ ಬಿಡ್ರಿ, ಅಣ್ಣಾ," ಎಂದರು. "ಕೇಳ್ರಿ, ಆಕಿ ಮನಿ ಬಾಗಲದಾಗ ನಿಂತ ಬೈಯಾಕತ್ತಾಳ."